ನೀರಿನಲ್ಲಿ ನಿಂತ ಕಂಬಿ

ದಾನಮ್ಮ ರಾಯಚೂರಿನಿಂದ ತಂದ ನೂಲಿನ ಲಡಿಯನ್ನು ಗೌರವ್ವ ಮೊದಲು ಮೂಸಿ ನೋಡಿದಳು, ಆಮೇಲೆ ಎರಡು ಬೆರಳಿನ ನಡುವೆ ತಿಕ್ಕಿದಳು, ಕೊನೆಗೆ ಕೆನ್ನೆಗೆ ಒತ್ತಿಕೊಂಡಳು. ಅಂಗಳದ ಬಿಸಿಲಲ್ಲಿ ಒಂದು ಗಂಟೆ ಬಿದ್ದಿದ್ದ ಲಡಿ ಅದು. ಅದರ ಪಕ್ಕದಲ್ಲೇ ಇದ್ದ ಹತ್ತಿಯ ಲಡಿ ಆಗಲೇ ಕಾದ ಹಂಚಿನಂತಾಗಿತ್ತು.

“ಇದೇನ ದಾನಿ, ಈಗ ಬಾವ್ಯಾಗಿಂದ ತಗದಂಗ ಐತಿ,” ಎಂದಳು ಗೌರವ್ವ.

“ಬಾವಿಗಿಂತ ದೂರದ್ದು ಚಿಗವ್ವ. ಇದು ತಂಪು ತರೂದು ಆಕಾಶದಿಂದ.”

ಇದು ನಾವು ನೀವು ಇನ್ನೂ ಕಾಣದ ಒಂದು ಕಾಲದ ಇಳಕಲ್. ಊರಿನಲ್ಲಿ ಕುಣಿಮಗ್ಗಗಳು ಇನ್ನೂ ಇದ್ದವು, ಸೀರೆಯ ಕೆಂಪು ಸೆರಗಿನಲ್ಲಿ ಗೋಪುರದ ಸಾಲು ಇನ್ನೂ ಏಳುತ್ತಿತ್ತು. ಬದಲಾದದ್ದು ಬಿಸಿಲು. ಹಳಬರು ವೈಶಾಖದ ಬಿಸಿಲು ಎನ್ನುತ್ತಿದ್ದುದು ಈಗ ಫಾಲ್ಗುಣದಲ್ಲೇ ಬಂದು ಕೂರುತ್ತಿತ್ತು. ಹತ್ತು ಗಂಟೆಗೆ ಅಂಗಡಿಗಳ ಬಾಗಿಲು ಬಿದ್ದು ಸಂಜೆ ಐದಕ್ಕೆ ತೆರೆಯುತ್ತಿದ್ದವು. ಶಾಲೆಗೆ ಮಕ್ಕಳು ಸೂರ್ಯ ಹುಟ್ಟುವ ಮುಂಚೆ ಹೋಗುತ್ತಿದ್ದರು.

ದಾನಮ್ಮ ಆ ಊರಿನ ನೇಕಾರರ ಓಣಿಯ ಮಗಳು. ತಾಯಿ ಬೇಗ ಹೋದಳೆಂದು ತಾಯಿಯ ತಂಗಿ ಗೌರವ್ವನ ಮಗ್ಗದ ಬದಿಯಲ್ಲೇ ಬೆಳೆದವಳು. ಓದಿ, ಈಗ ರಾಯಚೂರಿನ ಉಷ್ಣ ನಿಗಾ ಕೇಂದ್ರದಲ್ಲಿ ವಿಜ್ಞಾನಿ. ಆ ತಂಪು ನೂಲು ಅವಳದೇ ಆರು ವರ್ಷದ ದುಡಿಮೆ. ಮಂಜು ಬೀಳುವ ಕಾಲದಲ್ಲಿ ಬಯಲಲ್ಲಿಟ್ಟ ತಂಬಿಗೆ ಬೆಳಗಾಗುವಷ್ಟರಲ್ಲಿ ಸುತ್ತಲ ಗಾಳಿಗಿಂತ ತಣ್ಣಗಾಗಿ ಮೈತುಂಬ ಹನಿ ಕಟ್ಟಿಕೊಂಡಿರುತ್ತದಲ್ಲ, ತನ್ನ ಕಾವನ್ನು ಕಣ್ಣಿಗೆ ಕಾಣದ ಕಿರಣವಾಗಿ ಆಕಾಶಕ್ಕೆ ಬಿಟ್ಟುಕೊಡುವುದರಿಂದ ಅದು ಹಾಗಾಗುತ್ತದೆ. ದಾನಮ್ಮನ ನೂಲು ಅದೇ ಕೆಲಸವನ್ನು ನಡುಹಗಲಲ್ಲಿ ಮಾಡುತ್ತಿತ್ತು. ಎಳೆಯೊಳಗೆ ಬೆರೆಸಿದ ಖನಿಜದ ಪುಡಿ ಬಿಸಿಲನ್ನು ಹಿಂದಕ್ಕೆ ಎಸೆಯುತ್ತಿತ್ತು. ಉಳಿದ ಕಾವನ್ನು ಗಾಳಿಯ ಪದರವನ್ನೂ ದಾಟಿಸಿ ಆಚೆಯ ಕೊರೆಯುವ ಚಳಿಗೆ ಕಳಿಸುತ್ತಿತ್ತು. ಕರೆಂಟಿಲ್ಲ, ನೀರಿಲ್ಲ, ಮೇಲೆ ತೆರೆದ ಆಕಾಶವಿದ್ದರೆ ಸಾಕು.

ಅದನ್ನು ಅವಳು ಊರಿಗೆ ತಂದದ್ದು ಕಂಬಿಯ ಸಲುವಾಗಿ.

ಪ್ರತಿವರ್ಷ ಯುಗಾದಿಯ ಮುಂಚೆ ಆ ಓಣಿಯಿಂದ ಶ್ರೀಶೈಲಕ್ಕೆ ಒಂದು ಕಂಬಿ ಹೊರಡುತ್ತಿತ್ತು. ತುದಿಗೆ ಹಿತ್ತಾಳೆಯ ನಂದಿ ಕೂಡಿಸಿದ ಉದ್ದನೆಯ ಬಿದಿರಿನ ಗಳ. ಅದನ್ನು ಹೆಗಲ ಮೇಲೆ ಹೊತ್ತು ನಾನೂರು ಜನ ಬರಿಗಾಲಲ್ಲಿ ನಡೆಯುತ್ತಿದ್ದರು. ಶ್ರೀಶೈಲದ ಭ್ರಮರಾಂಬೆ ತಮ್ಮ ನಾಡಿನ ಮಗಳು, ಮಲ್ಲಯ್ಯ ಅಳಿಯ ಎಂಬುದು ಅವರ ನಂಬಿಕೆ. ಹಾಗಾಗಿ ಅವರು ಹೋಗುತ್ತಿದ್ದುದು ಬೀಗರಾಗಿ: ಮಗಳಿಗೆ ಸೀರೆ, ಕುಬಸ, ಅಕ್ಕಿ, ಬೆಲ್ಲ ಹೊತ್ತುಕೊಂಡು. ಕಾಲಿಗೆ ಚಪ್ಪಲಿ ಇಲ್ಲ, ತಲೆಗೆ ಕೊಡೆ ಇಲ್ಲ. ಬಿಸಿಲನ್ನು ಉಂಡು ಹೋಗುವುದೇ ಹರಕೆ.

ಹಿಂದಿನ ವರ್ಷ ಶ್ರೀಶೈಲಕ್ಕೆ ಒಂದು ದಿನದ ದಾರಿ ಇರುವಾಗ, ಕಾಡಿನ ಕಣಿವೆಯಲ್ಲಿ ಹನ್ನೊಂದು ಜನ ಸತ್ತಿದ್ದರು. ಅವರಲ್ಲಿ ಒಬ್ಬ ಗೌರವ್ವನ ಗಂಡ ಈರಪ್ಪ. ಮಾತಾಡಿಸಲು ಬಂದವರಿಗೆಲ್ಲ ಗೌರವ್ವ ಒಂದೇ ಮಾತು ಹೇಳುತ್ತಿದ್ದಳು: “ಮಲ್ಲಯ್ಯ ಕರ್ಕೊಂಡ. ಪುಣ್ಯದ ಸಾವು.” ದಾನಮ್ಮನ ಕೇಂದ್ರದ ದಾಖಲೆಯಲ್ಲಿ ಮಾತ್ರ ‘ಬಿಸಿಲಿನ ಹೊಡೆತ’ ಎಂದಿತ್ತು. ಆ ದಾಖಲೆಗೆ ಸಹಿ ಹಾಕಿದವಳು ಅವಳೇ. ಚಿಗವ್ವನಿಗೆ ಅದನ್ನು ಅವಳು ಹೇಳಿರಲಿಲ್ಲ.

*

ಕಂಬಿಯ ಹಿರಿಯರು ಮುಪ್ಪಯ್ಯಜ್ಜ. ಮೂವತ್ತೆರಡು ವರ್ಷ ಶಾಲೆಯಲ್ಲಿ ಗಣಿತ ಕಲಿಸಿ ನಿವೃತ್ತರಾದವರು. ದಾನಮ್ಮನಿಗೆ ಮಗ್ಗಿ ಹೇಳಿಕೊಟ್ಟವರೂ ಅವರೇ. ಅವರ ಮನೆಯ ಪಡಸಾಲೆಯಲ್ಲಿ ಕೂತು ದಾನಮ್ಮ ತನ್ನ ಯೋಜನೆ ಬಿಚ್ಚಿಟ್ಟಳು.

“ತಲಿಗೊಂದು ಶಾಲು ಅಜ್ಜಾರ, ಅಷ್ಟ. ಹೊದ್ಕೊಂಡು ನಡದ್ರ ಮೈ ಬಿಸಿ ಏರೂದಿಲ್ಲ.”

“ನೆರಳ ಹೊದ್ಕೊಂಡು ಹೋಗೂದಾದ್ರ ಬಸ್ಸಿಗೇ ಹೋಗಬಹುದಲ್ಲ ತಂಗಿ. ಎಸಿ ಬಸ್ ಅದಾವು.”

“ಹನ್ನೊಂದು ಮಂದಿ ಸತ್ತಾರ ಅಜ್ಜಾರ.”

“ಎಣಿಸಿದವ ನಾನ,” ಎಂದರು ಅಜ್ಜ. ದನಿ ಏರಲಿಲ್ಲ. “ಈಗ ಹೇಳು, ಬಿಸಿಲು ಯಾಕ ಹಿಂಗಾತು?”

ದಾನಮ್ಮ ಹೇಳಿದಳು. ಇನ್ನೂರು ವರ್ಷ ಸುಟ್ಟ ಕಲ್ಲಿದ್ದಲು, ಸುಟ್ಟ ಎಣ್ಣೆ, ಅದರ ಹೊಗೆ ಭೂಮಿಗೆ ಕಂಬಳಿಯಂತೆ ಕವಿದದ್ದು. ಸುಟ್ಟವರು ಬಹುಪಾಲು ದೂರದವರು, ಬೇಯುವವರು ನಾವು.

ಅಜ್ಜ ಪೂರ್ತಿ ಕೇಳಿದರು. “ನಮ್ಮ ಮಂದಿ ಏನಂತಾರ? ಮಲ್ಲಯ್ಯ ಮುನಿಸಿಕೊಂಡಾನ ಅಂತಾರ. ನಿನಗ ನಗಿ ಬರತೈತಿ. ನಗಬ್ಯಾಡ. ಯಾರೋ ಮಾಡಬಾರದ್ದು ಮಾಡ್ಯಾರ, ಅದಕ್ಕ ಎಲ್ಲಾರೂ ಬೇಯಾಕತ್ತಾರ ಅಂತ ನೀನೂ ಅಂತಿ, ಅವರೂ ಅಂತಾರ. ಫರಕ ಇಷ್ಟ. ನೀ ಮಾಡಿದವರ ಹೆಸರು ಹೇಳ್ತಿ. ಅವರು ತಮ್ಮ ಹೆಸರು ಹೇಳ್ಕೊಂತಾರ. ಹೇಳ್ಕೊಂಡು ನಡೀತಾರ, ನಡದ್ರ ತೀರತೈತಿ ಅನ್ನೂ ನಂಬಿಗಿ. ಆ ನಡಿಗಿ ಕಸಗೊಂಡ್ರ ಅವರ ಕೈಯಾಗ ಏನು ಉಳೀತು? ಮನ್ಯಾಗ ಬಾಗಲಾ ಹಾಕ್ಕೊಂಡು ಹೆದರಕೋಂತ ಕೂಡೂದು.”

ದಾನಮ್ಮ ಎದ್ದಳು. ಲಡಿಗಳ ಚೀಲ ಎತ್ತಿಕೊಂಡು ಮನೆಗೆ ಬಂದಳು.

ಗೌರವ್ವ ಮಗ್ಗದ ಕುಣಿಯಲ್ಲಿ ಕಾಲಿಳಿಬಿಟ್ಟು ಲಾಳಿ ಎಸೆಯುತ್ತಿದ್ದಳು. ಕಥೆಯೆಲ್ಲ ಕೇಳಿ, ಕೈ ನಿಲ್ಲಿಸದೆ ಅಂದಳು, “ಶಾಲು ಒಲ್ಲೆ ಅಂದ್ರಲ್ಲ, ಸೀರಿ ಒಲ್ಲೆ ಅನ್ನಂಗಿಲ್ಲ.”

“ಅಂದ್ರ?”

“ಮಗಳಿಗೆ ಸೀರಿ ಒಯ್ಯೂದು ಐತೇ ಐತಿ. ಈ ನೂಲಿಲೆ ನೇಯೂಣು. ಓಣಿ ಉದ್ದ ನೇಯೂಣು. ಅಷ್ಟು ದೊಡ್ಡ ಸೀರಿ ಮಡಚಿದ್ರ ಮಡಿಕಿ ಬೀಳತೈತಿ, ನೆಲಕ್ಕ ತಾಕಿದ್ರ ಮೈಲಿಗಿ. ಗಳಕ್ಕ ಕಟ್ಟಿ, ಹರವಿ, ಎತ್ತಿ ಹಿಡ್ಕೊಂಡ ಒಯ್ಯಬೇಕು. ಕೆಳಗ ಯಾರು ನಡೀತಾರಂತ ಸೀರಿಗೇನು ಗೊತ್ತು?”

ದಾನಮ್ಮ ನಕ್ಕಳು, ಆಮೇಲೆ ಗಂಭೀರಳಾದಳು. ಇದು ಜನರ ಕಣ್ಣಿಗೆ ಮಣ್ಣೆರಚಿದಂತಾಗುವುದಿಲ್ಲವೆ? ಮರುದಿನ ಮತ್ತೆ ಅಜ್ಜನ ಪಡಸಾಲೆಗೆ ಹೋಗಿ, ಇದ್ದದ್ದು ಇದ್ದಹಾಗೆ ಹೇಳಿದಳು.

ಮುಪ್ಪಯ್ಯಜ್ಜ ಹೊಟ್ಟೆ ಕುಲುಕುವಂತೆ ನಕ್ಕರು. “ಅದು ನೆರಳಂತ ನಮಗ ತಿಳಿಯೂದಿಲ್ಲ ಅಂತ ಮಾಡಿಯೇನು? ನಮಗಂತ ನಾವು ನೆರಳ ಮಾಡ್ಕೊಳ್ಳೂದು ಬ್ಯಾರೆ. ಮಗಳ ಸೀರಿ ಹೊರೂ ಮುಂದ ಅದು ನಮ್ಮ ಮ್ಯಾಲೆ ನೆರಳ ಚೆಲ್ಲೂದು ಬ್ಯಾರೆ. ಆಕಿ ಕೊಟ್ಟದ್ದ ಬ್ಯಾಡ ಅನ್ನಾಕ ನಾ ಯಾರು? ಎಲ್ಲಾರಿಗೂ ಖರೇ ಹೇಳಿ ನೇಯ್ರಿ.”

*

ನಲವತ್ತು ಮಗ್ಗಗಳಲ್ಲಿ ಕೆಲಸ ಶುರುವಾಯಿತು. ಶುರುವಾದ ದಿನವೇ ಜಗಳವೂ ಆಯಿತು.

ತಂಪು ನೂಲು ಬೆಳ್ಳಗಿತ್ತು. ಬಿಳಿಯಾಗಿದ್ದರಷ್ಟೇ ಅದು ಬಿಸಿಲನ್ನು ಪೂರ್ತಿ ಹಿಂದಕ್ಕೆ ಎಸೆಯುವುದು. “ಮುತ್ತೈದಿಗೆ ಬಿಳಿ ಸೀರಿ ಒಯ್ಯಬೇಕೇನು?” ಎಂದು ಗೌರವ್ವ ಲಾಳಿ ಕೆಳಗಿಟ್ಟಳು. ಅವಳ ಹಿಂದೆ ನಲವತ್ತು ಮಗ್ಗಗಳೂ ನಿಂತವು. ದಾನಮ್ಮ ಬಣ್ಣದ ಲೆಕ್ಕ ವಿವರಿಸಿದಳು: ಬಣ್ಣ ಬಂತೆಂದರೆ ಕಾವು ಹೀರುತ್ತದೆ. ಯಾರೂ ಅಲ್ಲಾಡಲಿಲ್ಲ. ಕೊನೆಗೆ ಅವಳು ರಾಯಚೂರಿನ ಪ್ರಯೋಗಶಾಲೆಗೆ ಹೋಗಿ ಹದಿನಾರು ದಿನ ಬಣ್ಣಗಳ ಜತೆ ಗುದ್ದಾಡಿ, ಎಳೆ ಅರಿಶಿನದ ಒಂದು ಬಣ್ಣ ಹಿಡಿದುಕೊಂಡು ಬಂದಳು. ಬಿಳಿ ಬಟ್ಟೆ ಗಾಳಿಗಿಂತ ಏಳು ಡಿಗ್ರಿ ತಣ್ಣಗಿರುತ್ತಿತ್ತು, ಇದು ಐದು. ದಡಿ ಮಾತ್ರ ಕೆಂಪು.

“ಎರಡು ಡಿಗ್ರಿ ಹೋತು ಚಿಗವ್ವ,” ಎಂದಳು.

“ಮಗಳಿಗೆ ಎರಡು ಡಿಗ್ರಿ ಕೊಡಾಕ ಆಗೂದಿಲ್ಲೇನು ನಿನಗ?”

ಮಗ್ಗದ ಉದ್ದೆಳೆಗಳ ಒಂದು ಹಾಸಿನ ತುದಿಗೆ ಇನ್ನೊಂದು ಹಾಸನ್ನು ಕೊಂಡಿ ಹಾಕಿ ಕೂಡಿಸುತ್ತಾ, ಒಂಬತ್ತು ವಾರದಲ್ಲಿ ಸೀರೆ ಮುಗಿಯಿತು. ನೂರೈವತ್ತು ಮೀಟರ್ ಉದ್ದ, ಎರಡು ಅಗಲ ಕೂಡಿಸಿ ಹೊಲಿದದ್ದು. ಓಣಿಯಲ್ಲಿ ಮೊದಲ ಸಲ ಅದನ್ನು ಗಳಗಳ ಮೇಲೆ ಎತ್ತಿದಾಗ ಮುದುಕಿಯರು ಅದರ ಕೆಳಗೆ ಬಂದು ನಿಂತು ಒಬ್ಬರ ಮುಖ ಒಬ್ಬರು ನೋಡಿದರು. ಮಟ ಮಟ ಮಧ್ಯಾಹ್ನ ಅದು. ಗೌರವ್ವ ಎರಡೂ ಕೈ ಮೇಲೆತ್ತಿ ಸೀರೆಯ ಒಳಮೈ ಮುಟ್ಟಿದಳು. ಗಂಡನ ಹರಕೆ ತೀರಿಸಲು ಈ ವರ್ಷವೂ ತಾನು ನಡೆಯುವುದಾಗಿ ಅಂದೇ ಹೇಳಿದಳು. 

*

ಉಷ್ಣ ನಿಗಾ ಕೇಂದ್ರದ ಮುಖ್ಯಸ್ಥ ರೆಹಮತ್ ಮುಲ್ಲಾ. ಗೋಡೆಯಗಲದ ಪರದೆಯ ಮುಂದೆ ಕೂತು ಆರು ಜಿಲ್ಲೆಗಳ ಕಾವನ್ನು ನೋಡುತ್ತಾ ತಲೆ ನೆರೆಸಿಕೊಂಡವರು. ಎರಡು ವರ್ಷದ ಹಿಂದೆ ಮೇಲಿನ ಆದೇಶದಂತೆ ಅವರು ಪಾದಯಾತ್ರಿಗಳನ್ನು ಕಾಡಿನ ಅಂಚಿನಲ್ಲಿ ತಡೆದು ಬಸ್ಸು ಹತ್ತಿಸಿದ್ದರು. ಇನ್ನೂರು ಜನ ತಪ್ಪಿಸಿಕೊಂಡು ದಾರಿಯಿಲ್ಲದ ಕಡೆ ಕಾಡಿಗೆ ನುಗ್ಗಿದರು. ನಾಲ್ಕು ಜನ ನೀರಿಲ್ಲದೆ ಸತ್ತರು. ಆಮೇಲೆ ತಡೆಯುವ ಮಾತನ್ನು ಅವರು ಎತ್ತಿರಲಿಲ್ಲ.

“ರಂಜಾನಿನ ರೋಜಾ ಬಿಡು ಅಂತ ಡಾಕ್ಟರ್ ನನಗೂ ಹೇಳ್ತಾರ ದಾನಮ್ಮ,” ಎಂದು ಒಮ್ಮೆ ಹೇಳಿದ್ದರು. “ಬಿಡ್ತೀನೇನು? ಅವರನ್ನ ಬೈಯೂ ಹಕ್ಕು ನನಗಿಲ್ಲ. ಉಳಿಸೂ ಕೆಲಸ ಮಾತ್ರ ಐತಿ.”

ಕಂಬಿ ಹೊರಟಿತು. ಸೀರೆ ಕಟ್ಟಿದ ಗಳಗಳಿಗೆ ದಾನಮ್ಮ ಪುಟ್ಟ ಮಾಪಕಗಳನ್ನು ಸಿಕ್ಕಿಸಿದ್ದಳು. ಪರದೆಯ ಮೇಲೆ ಅವು ಸಾಸಿವೆ ಕಾಳಿನಂತೆ ಸಾಲಾಗಿ ಪೂರ್ವಕ್ಕೆ ಸರಿಯುತ್ತಿದ್ದವು. ಲಿಂಗಸುಗೂರಿನ ಬಯಲಲ್ಲಿ ಗಾಳಿ ನಲವತ್ತನಾಲ್ಕು ಡಿಗ್ರಿ ಇತ್ತು. ಸೀರೆಯ ಮೈ ಮೂವತ್ತೊಂಬತ್ತು. ರಾಯಚೂರು ದಾಟಿತು, ಕರ್ನೂಲು ದಾಟಿತು. ದಾರಿಯ ತೆಲುಗು ಹಳ್ಳಿಗಳಲ್ಲಿ ಹೆಂಗಸರು ಓಡಿಬಂದು ದಡಿಗೆ ಕುಂಕುಮ ಹಚ್ಚುತ್ತಿದ್ದರಂತೆ, ಅಮ್ಮನವರ ಸೀರೆಯ ಕೆಳಗೆ ಹತ್ತು ಹೆಜ್ಜೆ ನಡೆದು ತಿರುಗಿ ಹೋಗುತ್ತಿದ್ದರಂತೆ. ಹದಿಮೂರು ದಿನ ಒಬ್ಬರೂ ಕುಸಿದು ಬೀಳಲಿಲ್ಲ. ರೆಹಮತ್ ಸಾಹೇಬರು ದಿನಾ ಸಂಜೆ ಪರದೆಯ ಹತ್ತಿರ ಹೋಗಿ ಆ ಸಾಸಿವೆ ಸಾಲನ್ನು ಬೆರಳಿಂದ ಮುಟ್ಟಿ, “ಶಾಬಾಸ್,” ಅನ್ನುತ್ತಿದ್ದರು.

ಹದಿನಾಲ್ಕನೆಯ ದಿನ ಬೆಳಿಗ್ಗೆ ದಾನಮ್ಮ ಪರದೆಯ ಹತ್ತಿರ ಸರಿದು ನಿಂತಳು. ಬಂಗಾಳ ಕೊಲ್ಲಿಯಿಂದ ಹಸಿ ಗಾಳಿಯ ಒಂದು ನಾಲಿಗೆ ನಲ್ಲಮಲದ ಕಾಡಿನ ಕಡೆ ಚಾಚಿಕೊಳ್ಳುತ್ತಿತ್ತು. ನಾಳೆ ಅಮಾವಾಸ್ಯೆ. ನಾಳೆ ಹಗಲು ಕಾಡಿನಲ್ಲಿ ಗಾಳಿ ಮೂವತ್ತೆಂಟು ಡಿಗ್ರಿ, ಅದರಲ್ಲಿ ನೀರಿನ ಅಂಶ ನೂರಕ್ಕೆ ಎಪ್ಪತ್ತು. ನಲವತ್ತನಾಲ್ಕಕ್ಕಿಂತ ಈ ಮೂವತ್ತೆಂಟು ಕ್ರೂರ. ಒಣ ಬಿಸಿಲಲ್ಲಿ ಬೆವರು ಆರುತ್ತದೆ, ಆರುವಾಗ ಮೈಯ ಕಾವನ್ನು ಒಯ್ಯುತ್ತದೆ. ಹಸಿ ಗಾಳಿಯಲ್ಲಿ ಬೆವರು ಆರುವುದೇ ಇಲ್ಲ, ಮನುಷ್ಯ ಮುಚ್ಚಳ ಮುಚ್ಚಿದ ಪಾತ್ರೆಯಲ್ಲಿ ಬೆಂದಂತೆ ಬೇಯುತ್ತಾನೆ. ಮೇಲಾಗಿ ಅಂಥ ಗಾಳಿ ಆಕಾಶಕ್ಕೂ ಮುಚ್ಚಳ ಹಾಕುತ್ತದೆ. ಸೀರೆ ಕಾವನ್ನು ಆಚೆ ಕಳಿಸುವ ಕಿಂಡಿಯೇ ಮುಚ್ಚಿಹೋಗುತ್ತದೆ.

“ಕಣಿವಿ,” ಎಂದರು ರೆಹಮತ್ ಸಾಹೇಬರು.

“ಹೌದು ಸರ್. ನಾಳೆ ಅವರು ಇಳಿದು ಏರೂದು ಅದ ಕಣಿವಿ. ಕಾಡಿನ ಹಾದ್ಯಾಗ ಸೀರಿ ಹರವಾಕೂ ಜಾಗ ಇಲ್ಲ. ನಡದ್ರ ಮೂವತ್ತರಿಂದ ಐವತ್ತು ಮಂದಿ ಹೋಗ್ತಾರ.”

“ಬ್ಯಾರೆ ಊರಿನ ಕಂಬಿಗಳಿಗೆಲ್ಲ ನಾ ಸುದ್ದಿ ಮುಟ್ಟಿಸ್ತೀನಿ. ನೀ ನಿಮ್ಮವರ ಕಡೆ ಹೋಗು. ನಾ ಹೇಳಿದ್ರ ಆದೇಶ ಆಗತೈತಿ. ನೀ ಹೇಳಿದ್ರ ಮಾತಾಗತೈತಿ.”

*

ಕಾಡಿನ ನಡುವಿನ ಪೆದ್ದಚೆರುವು ಎಂಬ ಕೆರೆಯ ದಂಡೆಯಲ್ಲಿ ಕಂಬಿ ಇಳಿದಿತ್ತು. ದಾನಮ್ಮನ ಜೀಪು ಮುಟ್ಟಿದಾಗ ಸೂರ್ಯ ಇನ್ನೂ ಮರದೆತ್ತರ ಇದ್ದ. ತೇಗದ ಮರಗಳು ಎಲೆಯುದುರಿಸಿ ಬೋಳಾಗಿದ್ದವು. ಒಲೆ ಹೊತ್ತಿಸಿದವರು, ಕಾಲಿನ ಬೊಬ್ಬೆಗೆ ಎಣ್ಣೆ ಹಚ್ಚುವವರು, ಪದ ಹಾಡುವವರು. ಸುರುಳಿ ಸುತ್ತಿದ ಸೀರೆ ಹೊಸ ಚಾಪೆಗಳ ಮೇಲೆ ಮಲಗಿತ್ತು. ಗೌರವ್ವ ಅವಳನ್ನು ಕಂಡು ಓಡಿಬಂದು ಗಲ್ಲ ಹಿಡಿದಳು. ಮೈ ಬಡಕಲಾಗಿತ್ತು, ಕಣ್ಣು ಮಾತ್ರ ಹೊಳೆಯುತ್ತಿತ್ತು.

ದಾನಮ್ಮ ಎಲ್ಲರನ್ನೂ ಕೂಡಿಸಿ ವಿಷಯ ಹೇಳಿದಳು. ಸೀರೆ ನಾಳೆ ಕೈಕೊಡುತ್ತದೆ ಎಂಬುದನ್ನೂ ಮುಚ್ಚಿಡಲಿಲ್ಲ.

“ನಾಳೆ ಸಂಜಿ ಅಮಾಸಿ,” ಎಂದರು ಮುಪ್ಪಯ್ಯಜ್ಜ. “ಅಮಾಸಿ ಸಂಜಿಗೆ ತವರಿನ ಸೀರಿ ಮಗಳಿಗೆ ಮುಟ್ಟಬೇಕು. ನಮ್ಮಜ್ಜನ ಅಜ್ಜನ ಕಾಲದಿಂದ ಒಂದು ಸಲಾನೂ ತಪ್ಪಿಲ್ಲ. ಅಮಾಸಿ ಬೆಳಿಗ್ಗೆ ಹೆಗಲಿಗೇರಿದ ಕಂಬಿ ಆಕಿ ಬಾಗಲದಾಗ ಇಳೀಬೇಕು. ನಡುವ ನೆಲಕ್ಕ ತಾಕಿಸಂಗಿಲ್ಲ.”

ಹಿಂದಿನಿಂದ ಯಾರೋ ಕೂಗಿದರು: “ಸತ್ತರ ಮಲ್ಲಯ್ಯನ ಪಾದಕ್ಕ ಹೋಗ್ತೀವಿ! ಹೋದ ವರ್ಷ ಈರಪ್ಪ ಹೋಗಲಿಲ್ಲೇನು?”

ಹೌದು ಹೌದೆಂದು ನಾಲ್ಕಾರು ದನಿ ಸೇರಿದವು. ದಾನಮ್ಮ ಚಿಗವ್ವನ ಕಡೆ ನೋಡಿದಳು. ಗೌರವ್ವ ಮೆಲ್ಲಗೆ ಎದ್ದು ನಿಂತಳು. ಸೆರಗನ್ನು ಬಿಗಿಯಾಗಿ ಹೊದ್ದುಕೊಂಡಳು. ಗಂಡನ ಹೆಸರನ್ನು ಎಂದೂ ಬಾಯಲ್ಲಿ ಆಡದವಳು ಅಂದು ಆಡಿದಳು.

“ಈರಪ್ಪನ್ನ ಮಲ್ಲಯ್ಯ ಕರ್ಕೊಂಡ ಅಂತ ವರ್ಷ ತುಂಬೂತನಾ ನಾನ ಹೇಳಕೋಂತ ಬಂದೆ. ಸುಳ್ಳು. ಕಣಿವಿ ಇಳಿಯೂ ಮುಂದ ಅವರು, ‘ಗೌರಿ, ಬೆವರು ನಿಂತೈತಿ, ತಲಿ ಗಿಮ್ಮಂತೈತಿ, ಒಂದೀಟು ಕುಂದರೂಣು’ ಅಂದ್ರು. ಹಿಂದ ಮಂದಿ ಬರಾಕತ್ತಿತ್ತು. ನಾ ಏನಂದೆ? ‘ಕಂಬಿ ಮುಂದ ಹೊಂಟೈತಿ, ನಾಚಿಕಿ ಆಗೂದಿಲ್ಲೇನು, ನಡೀರಿ’ ಅಂದೆ. ನಡದ್ರು. ನೂರ ಹೆಜ್ಜಿ ನಡದ್ರು, ಆಮ್ಯಾಲೆ ಬಿದ್ರು. ಮಲ್ಲಯ್ಯ ಕರೀಲಿಲ್ಲ. ನಾ ನೂಕಿದೆ.” ಅವಳು ಸುತ್ತಲಿನ ಮುಖಗಳನ್ನು ಒಂದೊಂದಾಗಿ ನೋಡಿದಳು. “ನಾಳೆ ನಿಮ್ಮ ಮಗ್ಗಲದಾಗ ಯಾರರ ‘ಕುಂದರೂಣು’ ಅಂದ್ರ ಏನಂತೀರಿ? ಈಗ ಹೇಳ್ರಿ. ನಡೀರಿ ಅನ್ನೂ ಧೈರ್ಯ ಇದ್ದವರು ನನ್ನ ಮಾರಿ ನೋಡಿ ಹೇಳ್ರಿ.”

 ಪದ ಹಾಡುತ್ತಿದ್ದವರ ತಾಳ ಯಾವಾಗಲೋ ನಿಂತಿತ್ತು.

ಮುಪ್ಪಯ್ಯಜ್ಜ ಕೆರೆಯ ಕಡೆ ತಿರುಗಿದರು. ಆಮೇಲೆ ಕ್ಲಾಸಿನಲ್ಲಿ ಪ್ರಶ್ನೆ ಕೇಳುವ ದನಿಯಲ್ಲಿ ಕೇಳಿದರು: “ದಾನಮ್ಮ, ಕೆರಿ ನೀರು ಎಷ್ಟು ಡಿಗ್ರಿ ಐತಿ?”

ಅವಳು ಹೋಗಿ ಮಾಪಕ ಅದ್ದಿ ಬಂದಳು. “ಇಪ್ಪತ್ತೊಂಬತ್ತು.”

“ಮೈ ಮೂವತ್ತೇಳು. ಎಂಟು ಡಿಗ್ರಿ ಇಳಿಜಾರೈತಿ. ಬೆವರು ಒಯ್ಯದ ಕಾವ ನೀರು ಒಯ್ಯತೈತಲ್ಲ?”

ದಾನಮ್ಮ ಅವರ ಮುಖ ನೋಡಿದಳು. ಕೇಂದ್ರದಲ್ಲಿ ಬಸ್ಸಿನ ಲೆಕ್ಕ, ಆಸ್ಪತ್ರೆಯ ಲೆಕ್ಕ, ಮಂಜುಗಡ್ಡೆಯ ಲೆಕ್ಕ ಎಲ್ಲ ಹಾಕಿದ್ದಳು. ಈ ಲೆಕ್ಕ ಹಾಕಿರಲಿಲ್ಲ. “ಒಯ್ಯತೈತಿ ಅಜ್ಜಾರ. ಎದಿಮಟ ನೀರಾಗ ನಿಂತ್ರ ಯಾರೂ ಸಾಯಂಗಿಲ್ಲ.”

“ಹಂಗಾರ ಕೇಳ್ರಿ,” ಎಂದು ಅಜ್ಜ ಎದ್ದರು. “ನಾಳೆ ಹೊತ್ತು ಮೂಡೂ ಮುಂದ ಕಂಬಿ ಹೆಗಲಿಗೇರತೈತಿ. ಆಕಿ ಬಾಗಲಾ ಮುಟ್ಟೂತನಾ ಇಳಿಯೂದಿಲ್ಲ. ನೆಲಕ್ಕ ತಾಕೂದಿಲ್ಲ. ಹೊತ್ತು ಮುಳುಗೂತನಾ ನೀರಾಗ ನಿಂದರತೈತಿ. ನಾವೂ ನಿಂದರೂಣು.”

“ಮತ್ತ ಸೀರಿ ಅಜ್ಜಾರ? ಅಮಾಸಿ ತಪ್ಪಿದ್ರ?” ಎಂದು ಗುಂಪಿನಲ್ಲಿ ಒಬ್ಬರು ಕೇಳಿದರು.

“ಇಂಥಾ ಬಿಸಿಲಾಗ ತವರಿನವರು ಹೆಣ ಹೊತ್ಕೊಂಡು ಬಂದ್ರ ಯಾವ ಮಗಳು ಸೀರಿ ಉಡ್ತಾಳ? ತಡಾ ಆಗಿ ಬರ್ತೀವಂತ ನಾ ಆಕಿಗೆ ಹೇಳ್ತೀನಿ. ತಪ್ಪು ಬಂದ್ರ ನನ್ನ ತಲಿ ಮ್ಯಾಲೆ.”

*

ಅಮಾವಾಸ್ಯೆಯ ಬೆಳಕು ಹಳದಿಯಾಗಿ, ದಪ್ಪನಾಗಿ ಬಂತು. ಎಂಟು ಗಂಟೆಗೇ ಉಸಿರಾಡುವುದು ಒದ್ದೆ ಬಟ್ಟೆಯೊಳಗಿಂದ ಉಸಿರಾಡಿದಂತಿತ್ತು. ನಾನೂರ ಹನ್ನೆರಡು ಜನ ಕೆರೆಗಿಳಿದರು. ಎತ್ತರದವರು ಆಳಕ್ಕೆ, ಕುಳ್ಳರು ದಂಡೆಯ ಕಡೆಗೆ, ವಯಸ್ಸಾದವರು ಕೆಸರಲ್ಲಿ ಕೂತು ಕುತ್ತಿಗೆಯವರೆಗೆ ನೀರು. ನಡುವೆ ಕಂಬಿ. ಅರ್ಧ ಗಂಟೆಗೊಮ್ಮೆ ಹೆಗಲು ಬದಲಾಗುತ್ತಿತ್ತು. ಬದಲಾದಾಗೊಮ್ಮೆ ಮಲ್ಲಯ್ಯನ ಹೆಸರಿನ ಉಘೇ ಕೂಗು ಕಾಡಿನೊಳಗೆ ಹೋಗಿ ತಿರುಗಿ ಬರುತ್ತಿತ್ತು. ಗಳಗಳನ್ನು ಕೆಸರಿಗೆ ನೆಟ್ಟು ಸೀರೆಯನ್ನು ನೀರಿನ ಮೇಲೆ ಹರವಿದರು. ತಂಪು ಕೊಡದಿದ್ದರೂ ಬಿಸಿಲನ್ನಾದರೂ ತಡೆದೀತು ಎಂದು ದಾನಮ್ಮ ಹೇಳಿದ್ದಳು. ಅರಿಶಿನದ ನೆರಳಲ್ಲಿ ತಲೆಗಳು ಸಾಲು ಸಾಲು ಕಂಡವು.

ಅವಳು ಕಿವಿಯ ಮಾಪಕ ಹಿಡಿದು ನೀರಲ್ಲಿ ಅಡ್ಡಾಡುತ್ತಾ ಒಬ್ಬೊಬ್ಬರ ಮೈ ಕಾವು ನೋಡಿದಳು. ಉಪ್ಪು ಬೆಲ್ಲದ ನೀರು ಕುಡಿಸಿದಳು. ಮಧ್ಯಾಹ್ನ ಮೂರಕ್ಕೆ ಹೊರಗಿನ ಗಾಳಿ ಅವಳು ಹೇಳಿದ ಮಟ್ಟವನ್ನೇ ಮುಟ್ಟಿತು. ಒಲೆಯ ಕಡೆ ಹೋಗಿ ಬರುತ್ತೇನೆಂದು ದಂಡೆ ಹತ್ತಿದ ಇಬ್ಬರು ಇಪ್ಪತ್ತು ಹೆಜ್ಜೆಯಲ್ಲಿ ಕುಸಿದರು. ಎಳೆದು ತಂದು ನೀರಿಗಿಳಿಸಿದ ಮೇಲೆ ಕಣ್ಣುಬಿಟ್ಟರು. ಆಮೇಲೆ ಯಾರೂ ಹೊರಗೆ ಹೋಗಲಿಲ್ಲ.

ಗೌರವ್ವ ಒಂದು ಗಳ ಹಿಡಿದು ನಿಂತಿದ್ದಳು. ದಾನಮ್ಮ ಹತ್ತಿರ ಬಂದಾಗ ತಗ್ಗಿದ ದನಿಯಲ್ಲಿ ಕೇಳಿದಳು: “ಖರೇ ಹೇಳು ದಾನಿ. ಅವತ್ತು ಕುಂದರಿಸಿದ್ರ ಉಳೀತಿದ್ರೇನು?”

ದಾನಮ್ಮನಿಗೆ ಸುಳ್ಳು ಹೇಳಬೇಕೆನಿಸಿತು. ಹೇಳಲಿಲ್ಲ. “ಉಳೀಬಹುದಿತ್ತು. ಗೊತ್ತಿಲ್ಲ ಚಿಗವ್ವ. ಆದರ ಬೆವರು ನಿಂತ್ರ ಸಾವು ಹತ್ರ ಬಂತು ಅನ್ನೂದು ನಿನಗ ಯಾರೂ ಹೇಳಿರಲಿಲ್ಲ. ಹೇಳಬೇಕಾದವರು ನಾವು. ಸತ್ತ ಮ್ಯಾಲೆ ಕಾಗದದಾಗ ಬರದ್ವಿ. ಅದಕ್ಕ ಸಹಿ ಹಾಕಿದಾಕಿ ನಾನ.”

ಗೌರವ್ವ ಅವಳನ್ನು ನೋಡಿದಳು. ಗಳವನ್ನು ಎಡಗೈಗೆ ಬದಲಿಸಿಕೊಂಡು, ಬಲಗೈಯಿಂದ ನೀರು ಮೊಗೆದು ಅವಳ ತಲೆಯ ಮೇಲೆ ಸುರಿದಳು. ಚಿಕ್ಕಂದಿನಲ್ಲಿ ಎರೆಯುವಾಗ ಮಾಡುತ್ತಿದ್ದಂತೆ ಹಣೆಗೆ ಅಂಗೈ ಅಡ್ಡ ಹಿಡಿದು, ಮೂರು ಸಲ ಸುರಿದಳು.

“ಇಬ್ಬರೂ ಅಳೂದ ಆಮ್ಯಾಲೆ ಅಳೂಣು,” ಎಂದಳು. “ಆಕಡಿ ಸಾಲಿನವರ ಕಾವು ನೋಡಿಲ್ಲ ನೀ. ಹೋಗು.”

ಸಂಜೆ ಗಾಳಿ ತಿರುಗಿತು. ಬಡಗಣ ಗಾಳಿ ಒಣಗಿ ಬಂದು ಒದ್ದೆ ಕೂದಲನ್ನು ತಾಕಿದಾಗ ಕೆರೆಯಲ್ಲಿದ್ದವರೆಲ್ಲ ಒಟ್ಟಿಗೇ ಉಸಿರು ಬಿಟ್ಟರು. ದಾನಮ್ಮ ತಲೆಗಳನ್ನು ಎಣಿಸಿದಳು. ಅಜ್ಜ ಬೇರೆಯಾಗಿ ಎಣಿಸಿದರು. ಇಬ್ಬರ ಲೆಕ್ಕವೂ ನಾನೂರ ಹನ್ನೆರಡು.

ಆ ದಿನ ಕೇಂದ್ರದ ಮಾತು ಕೇಳದೆ ಕಣಿವೆಗಿಳಿದ ಬೇರೊಂದು ಊರಿನ ಗುಂಪಿನಲ್ಲಿ ಆರು ಜನ ತೀರಿಕೊಂಡರೆಂದು ರೆಹಮತ್ ಸಾಹೇಬರು ಫೋನಿನಲ್ಲಿ ಹೇಳಿದರು. ಉಳಿದ ಕಂಬಿಗಳು ಸುದ್ದಿ ಕೇಳಿ ಎಲ್ಲೆಲ್ಲಿ ಹಳ್ಳ ಕೆರೆ ಸಿಕ್ಕಿತೋ ಅಲ್ಲಲ್ಲಿ ನಿಂತಿದ್ದವು.  ಆಮೇಲೆ “ನಿಮ್ಮ ಅಜ್ಜಾರಿಗೆ ನನ್ನ ಸಲಾಂ ಹೇಳು,” ಎಂದರು ಸಾಹೇಬರು.

*

ಯುಗಾದಿಯ ಬೆಳ್ಳಂಬೆಳಿಗ್ಗೆ, ಒಣ ಗಾಳಿಯಲ್ಲಿ, ರಾತ್ರಿಯೂ ಹೆಗಲಿಂದ ಇಳಿಯದ ಕಂಬಿ ಕಣಿವೆ ಇಳಿದು ಏರಿತು. ದಾನಮ್ಮನೂ ಬರಿಗಾಲಲ್ಲಿ ನಡೆದಳು. ಈರಪ್ಪ ಬಿದ್ದ ತಿರುವಿನಲ್ಲಿ ಗೌರವ್ವ ಒಂದು ಕಲ್ಲಿನ ಮೇಲೆ ಕೂತಳು. ಅವಳು ಏಳುವವರೆಗೆ ಹಿಂದಿನವರೆಲ್ಲ ಕೂತರು. ಕಂಬಿ ಹೊತ್ತವರು ನಿಂತು ಕಾದರು.

ಶ್ರೀಶೈಲ ಮುಟ್ಟಿದಾಗ ಅಮಾವಾಸ್ಯೆಯ ನೂಕುನುಗ್ಗಲು ಕರಗಿತ್ತು. ನೀರಲ್ಲಿ ನಿಂತಿದ್ದ ಬೇರೆ ಕಂಬಿಗಳು ಇನ್ನೂ ಬಂದಿರಲಿಲ್ಲ, ಸಾಲು ಇರಲಿಲ್ಲ. ಅಂಗಳದ ತುಂಬ ಸೀರೆ ಬಿಡಿಸಿ ತೋರಿಸಿ ಒಪ್ಪಿಸಲು ಬೇಕಾದಷ್ಟು ಹೊತ್ತು ಸಿಕ್ಕಿತು. “ನೋಡು, ಮಂದಿ ಎಲ್ಲಾ ಹೋದ ಮ್ಯಾಲೆ ಬಂದ್ವಿ, ಮಗಳಿಗೆ ನಮ್ಮ ಕೂಡ ಮಾತಾಡಾಕ ಪುರುಸೊತ್ತು ಆತು,” ಎಂದಳು ಗೌರವ್ವ.

ಸಂಜೆ, ಛತ್ರದ ಅಂಗಳದಲ್ಲಿ ಬೇವು ಬೆಲ್ಲ ಹಂಚಿಯಾದ ಮೇಲೆ, ವಾಡಿಕೆಯಂತೆ ಮುಪ್ಪಯ್ಯಜ್ಜ ಹೊಸ ವರ್ಷದ ಪಂಚಾಂಗ ಓದಿದರು. ರಾಜ ಯಾರು, ಮಂತ್ರಿ ಯಾರು, ಮಳೆ ಎಷ್ಟು ಕೊಳಗ, ಬೆಳೆ ಹೇಗೆ. ಓದಿ ಮುಗಿಸಿ, ಕನ್ನಡಕ ತೆಗೆದು, ಪುಸ್ತಕ ಮಡಚಿದರು.

“ಇಷ್ಟು ನಂದು. ಉಳಿದದ್ದು ದಾನಮ್ಮ ಓದ್ತಾಳ. ಬಾ ತಂಗಿ, ಇಲ್ಲಿ ಕೂಡು.”

ದಾನಮ್ಮ ಗಾಬರಿಯಾದಳು. ಎಷ್ಟೋ ಸಭೆಗಳಲ್ಲಿ ಮಾತಾಡಿದವಳು ಅವಳು. ಆದರೆ ಇಲ್ಲಿ ಜನ ಕಾಲು ಮಡಚಿ, ಸೆರಗು ಹೊದ್ದು, ಕೈ ಜೋಡಿಸಿಕೊಂಡು ಕೂತಿದ್ದರು. ಅಜ್ಜ ಜಾಗ ಬಿಟ್ಟ ಮಣೆಯ ಮೇಲೆ ಕೂತು, ಕೈಯ ಸಾಧನ ತೆರೆದು, ಮುಂದಿನ ತಿಂಗಳುಗಳ ಅಂದಾಜನ್ನು ಓದಿದಳು. ಚೈತ್ರದ ಎರಡನೆಯ ಪಕ್ಷದಲ್ಲಿ ಹಸಿ ಗಾಳಿ ಇನ್ನೊಮ್ಮೆ ಬರುವ ಸಂಭವ. ವೈಶಾಖ ಹೋದ ವರ್ಷಕ್ಕಿಂತ ಕಠಿಣ. ಮೊದಲ ಮಳೆ ತಡ, ಆದರೆ ಬಂದರೆ ಗಟ್ಟಿ. ಬೆವರು ನಿಂತಾಗ ಏನು ಮಾಡಬೇಕು ಎಂಬುದನ್ನು ಎರಡು ಸಲ ಹೇಳಿದಳು. ಎರಡನೆಯ ಸಲ ಹೇಳುವಾಗ ಗೌರವ್ವನೂ ಜತೆಗೆ ಹೇಳಿದಳು.

“ತಿಂಗಳ ಮಾತು ಇದು,” ಎಂದು ಸೇರಿಸಿದಳು ದಾನಮ್ಮ. “ದಿನದ ಮಾತು ಈಗ ಹೇಳಾಕ ಆಗೂದಿಲ್ಲ. ಹತ್ತು ದಿನ ಮೊದಲ ಕೇಳಿದ್ರ ಹೇಳ್ತೀನಿ. ತಪ್ಪೂ ಆಗಬಹುದು.”

“ಪಂಚಾಂಗದ ಮಳೀನೂ ಎಷ್ಟೋ ಸಲ ತಪ್ಪೈತಿ,” ಎಂದರು ಅಜ್ಜ. “ಮುಂದ ಕೇಳ್ರಿ, ಯಾರರ ಕೇಳೂದಿದ್ರ.”

ಹಿಂದಿನ ಸಾಲಿನಿಂದ ಒಬ್ಬ ಹೆಂಗಸು ಎದ್ದಳು. “ಯವ್ವಾ, ವೈಶಾಖದಾಗ ನಮ್ಮ ಹುಡುಗಿ ಲಗ್ನ ಇಟ್ಟೀವಿ. ಪೆಂಡಾಲ್ ಬಯಲಾಗ ಹಾಕೂದೈತಿ. ಹೆಂಗ?”

ದಾನಮ್ಮ ಸಾಧನದಲ್ಲಿ ನೋಡಿದಳು. “ವೈಶಾಖ ಬ್ಯಾಡಕ್ಕಾರ. ಒಂದು ಮಳಿ ಆಗಲಿ, ಆಮ್ಯಾಲೆ ಇಡ್ರಿ.”

“ಮಳಿ ಆದ ಮ್ಯಾಲೆ ಮುಹೂರ್ತ ಅದಾವೇನ್ರಿ ಅಜ್ಜಾರ?” ಎಂದು ಆಕೆ ಆಚೆ ತಿರುಗಿದಳು.

ಮುಪ್ಪಯ್ಯಜ್ಜ ಕನ್ನಡಕ ಹಾಕಿಕೊಂಡು, ಬೆರಳಿಗೆ ಎಂಜಲು ಹಚ್ಚಿ ಪುಟ ತಿರುಗಿಸಿದರು. “ಜ್ಯೇಷ್ಠದಾಗ ಮೂರು ಅದಾವು. ದಾನಮ್ಮ, ಈ ಮೂರರಾಗ ಯಾವುದು ಚಲೋ, ಅಂದಾಜು ಹೇಳು. ದಿನ ಹತ್ರ ಬಂದಾಗ ಮತ್ತ ಕೇಳ್ತಾರ.”

ದಾನಮ್ಮ ಮಣೆಯನ್ನು ಅವರ ಕಡೆ ಸರಿಸಿಕೊಂಡಳು. ಇಬ್ಬರೂ ತಲೆಗೆ ತಲೆ ತಾಗುವಂತೆ ಬಗ್ಗಿ ನೋಡತೊಡಗಿದರು. ಅಷ್ಟರಲ್ಲಿ ಹಿಂದೆ ಇನ್ನೂ ಏಳೆಂಟು ಜನ ಎದ್ದು ನಿಂತಿದ್ದರು.